ದೊಡ್ಡ ಸಭೆಯ ಹಣ ತೆಗೆದುಕೊಂಡರೆ ಸಣ್ಣ ಸಭೆಯ ಸ್ವಾತಂತ್ರ್ಯ ಹೋಗುತ್ತದಾ?

ಚಿತ್ತಾಪುರ ಕಡೆಯ ನಿಮ್ಮ ಸಣ್ಣ ಬ್ಯಾಪ್ಟಿಸ್ಟ್ ಸಭೆಗೆ ಬೆಂಗಳೂರಿನ ದೊಡ್ಡ ಸಭೆಯೊಂದು ತಿಂಗಳು ತಿಂಗಳು ಹಣ ಕಳಿಸುತ್ತೇವೆ, ಪಾಲುದಾರರಾಗೋಣ ಅಂದಿದೆ. ತೆಗೆದುಕೊಂಡರೆ ನಾವು ಅವರ ಕೈಕೆಳಗೆ ಹೋಗುತ್ತೇವಾ ಅಂತ ಕೇಳಿದ್ದೀರಿ. ಊರಿನ ಹೆಸರು ಬದಲಿಸಿದರೆ ಇದು ನಮ್ಮದೇ ಕಥೆ. ನಾನು ಗುರುಮಠಕಲ್ ಕಡೆಯವನು, ನಮ್ಮ ಸಭೆಯ ಲೆಕ್ಕ ಬರೆಯುವವನು.

ಬೀದರ್‌ನಿಂದ ಯಾದಗಿರಿವರೆಗೆ ಕ್ರೈಸ್ತರು ಅಂದರೆ ಜನ ಮೊದಲು ಮೆಥೋಡಿಸ್ಟ್ ಅಂತಲೇ ತಿಳಿಯುತ್ತಾರೆ, ಅಲ್ವಾ? ಅವರಿಗೆ ಬಿಷಪ್ ಇದ್ದಾರೆ, ಪಾಸ್ಟರನ್ನು ಕಳಿಸುವವರೂ ವರ್ಗ ಮಾಡುವವರೂ ಇದ್ದಾರೆ. ನಮಗೆ ಹಾಗೆ ಮೇಲೆ ಯಾರೂ ಇಲ್ಲ. ಪಾಸ್ಟರ್ ಯಾರಾಗಬೇಕು ಅನ್ನುವುದರಿಂದ ಹಿಡಿದು ಗೋಡೆಗೆ ಯಾವ ಬಣ್ಣ ಅನ್ನುವವರೆಗೆ ಎಲ್ಲ ಸದಸ್ಯರ ಕೂಟದಲ್ಲೇ ತೀರ್ಮಾನ. ನಿಮ್ಮ ಭಯ ಅಲ್ಲಿಂದಲೇ ಬಂದದ್ದು. ನಮಗೂ ಅದೇ ಭಯ ಇತ್ತು. ಹಾಗಾಗಿ ಒಪ್ಪಂದದಲ್ಲಿ ಎಲ್ಲವನ್ನೂ ಹುಷಾರಾಗಿ ಬರೆಸಿದೆವು. ಪಾಸ್ಟರನ್ನು ನಾವೇ ಆರಿಸುತ್ತೇವೆ. ಜಾಗದ ಕಾಗದ ನಮ್ಮ ಹೆಸರಿನಲ್ಲೇ ಇರುತ್ತದೆ. ಯಾರಿಗೆ ದೀಕ್ಷಾಸ್ನಾನ ಕೊಡಬೇಕು ಅನ್ನುವುದು ನಮಗೆ ಬಿಟ್ಟದ್ದು. ಬೆಂಗಳೂರಿನವರು ಒಂದಕ್ಕೂ ಬೇಡ ಅನ್ನಲಿಲ್ಲ, ಕೊಟ್ಟ ಮಾತಿಗೆ ಕೊನೆಯವರೆಗೂ ತಪ್ಪಲಿಲ್ಲ. ಒಳ್ಳೆಯ ಜನ. ಅಷ್ಟಾದರೂ ನಮ್ಮ ಸ್ವಾತಂತ್ರ್ಯ ಹೋಯಿತು.

ಹೇಗೆ ಹೋಯಿತು ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ನೀವು ಒಪ್ಪಂದದ ಒಂದೊಂದು ಸಾಲನ್ನೂ ಹತ್ತು ಸಲ ನೋಡುತ್ತೀರಿ, ಇದನ್ನು ಮಾತ್ರ ನೋಡುವುದಿಲ್ಲ.

ನಮ್ಮಲ್ಲಿ ಹಿಡಿ ಜೋಳದ ಕಾಣಿಕೆ ಇತ್ತು. ಗಿರಣಿಗೆ ಕಳಿಸಲು ಜೋಳ ಹಸನು ಮಾಡುವಾಗ ಹೆಣ್ಣುಮಕ್ಕಳು ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದರು. ಭಾನುವಾರ ಅದನ್ನು ತಂದು ಸಭೆಯ ಮುಂದಿದ್ದ ಗೋಣಿಚೀಲಕ್ಕೆ ಸುರಿಯುತ್ತಿದ್ದರು. ಜೋಳ ಇಲ್ಲದವರು ರೇಷನ್ ಅಕ್ಕಿ ತರುತ್ತಿದ್ದರು, ರಾಶಿ ಆದ ಮೇಲೆ ತೊಗರಿ ಬರುತ್ತಿತ್ತು. ಪಾಸ್ಟರ್ ಮನೆಗೆ ಊಟಕ್ಕಾಗುವಷ್ಟು ಕೊಟ್ಟು ಉಳಿದದ್ದನ್ನು ಮಾರುತ್ತಿದ್ದೆವು. ಮಿಜೋರಾಮಿನಲ್ಲೂ ಇಂಥದ್ದೇ ಪದ್ಧತಿ ಇದೆ, ಅಲ್ಲಿ ಅದಕ್ಕೆ ಬುಹ್‌ಫಾಯ್ ಥಾಮ್ ಅನ್ನುತ್ತಾರೆ. ಅಡುಗೆಗೆ ಅಕ್ಕಿ ತೆಗೆಯುವಾಗಲೆಲ್ಲ ಒಂದು ಹಿಡಿ ದೇವರ ಕೆಲಸಕ್ಕೆ. ನೂರು ವರ್ಷಕ್ಕೂ ಮಿಕ್ಕಿ ನಡೆದು ಬಂದಿದೆ. ಆ ಹಿಡಿ ಅಕ್ಕಿಯ ಬಲದಿಂದ ಅಲ್ಲಿನ ಸಭೆಗಳು ದೂರದ ರಾಜ್ಯಗಳಿಗೆ ಸೇವಕರನ್ನು ಕಳಿಸುತ್ತವೆ.

ಬೆಂಗಳೂರಿನ ಹಣ ಬರಲು ಶುರುವಾಯಿತು. ಪಾಸ್ಟರ್ ಸಂಬಳ ಅದರಿಂದಲೇ ಆಯಿತು. ಹಿಡಿ ಜೋಳ ಬೇಡ ಅಂತ ಯಾರೂ ತೀರ್ಮಾನ ಮಾಡಲಿಲ್ಲ. ಕೂಟದಲ್ಲಿ ಆ ಮಾತೇ ಬರಲಿಲ್ಲ. ಪ್ರಕಟಣೆಯಲ್ಲಿ ಹೇಳುವುದು ನಿಂತಿತು, ಅಷ್ಟೇ. ಬಡವರ ಮನೆಯಿಂದ ಯಾಕೆ ಸುಮ್ನೆ ಕೇಳುವುದು ಅಂತ ಕಮಿಟಿಯಲ್ಲಿ ನಾವೆಲ್ಲ ಅಂದುಕೊಂಡೆವು. ದಯೆಯಿಂದಲೇ ಅಂದುಕೊಂಡದ್ದು. ಒಂದು ಭಾನುವಾರ ಚೀಲ ಮುಂದೆ ಇರಲಿಲ್ಲ. ಜೋಳ ತಂದಿದ್ದ ಒಬ್ಬ ಆಯಿ ಎಲ್ಲಿ ಹಾಕಲಿ ಅಂತ ಸುತ್ತ ನೋಡಿ, ಹಾಗೇ ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಹೋದಳು. ನಾನು ನೋಡಿದೆ. ಏನೂ ಅನ್ನಲಿಲ್ಲ.

ಆ ಆಯಿಯ ಹೊಲ ಒಂದೆಕರೆಯೂ ಇಲ್ಲ. ಸಭೆಯಲ್ಲಿ ಅವಳಿಗೊಂದು ಮಾತಿತ್ತು ಅಂದರೆ ಆ ಹಿಡಿ ಜೋಳದಿಂದ. 'ನಾನೂ ಹಾಕೀನಿ' ಅಂತ ಕೂಟದಲ್ಲಿ ಎದ್ದು ನಿಂತು ಲೆಕ್ಕ ಕೇಳುತ್ತಿದ್ದಳು. ನಾವು ಅವಳ ಭಾರ ಇಳಿಸಿದೆವು ಅಂದುಕೊಂಡೆವು, ಇಳಿಸಿದ್ದು ಅವಳ ಪಾಲನ್ನು. ಮೆಲ್ಲಗೆ ಕೂಟಕ್ಕೆ ಜನ ಬರುವುದು ಕಡಿಮೆಯಾಯಿತು. ಮಳೆಗೆ ಚಾವಣಿಯ ಪತ್ರಾ ಸೋರಿದರೆ ಮೊದಲೆಲ್ಲ ಹುಡುಗರು ತಾವೇ ಹತ್ತಿ ಸರಿ ಮಾಡುತ್ತಿದ್ದರು. ಈಗ ಸೋರುವ ಜಾಗದ ಕೆಳಗೆ ಬಕೆಟ್ ಇಟ್ಟು ನನ್ನ ಕಡೆ ನೋಡುತ್ತಿದ್ದರು. 'ಬೆಂಗಳೂರಿಗೆ ಫೋನ್ ಹಚ್ರಿ ಅಣ್ಣಾರ' ಅನ್ನುತ್ತಿದ್ದರು. ಸಭೆ ನಮ್ಮದು ಅನ್ನುವ ಮಾತು ಯಾರ ಬಾಯಲ್ಲೂ ಉಳಿಯಲಿಲ್ಲ. ಕಾಗದದಲ್ಲಿ ಮಾತ್ರ ನಮ್ಮ ಹೆಸರಿತ್ತು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಬೆಂಗಳೂರಿನ ಸಭೆಯ ಬಾಗಿಲು ಮುಚ್ಚಿತು, ಅವರ ಕಾಣಿಕೆಯೂ ನಿಂತಿತು. ಅವರೇ ಫೋನ್ ಮಾಡಿ ಅತ್ತುಕೊಂಡು ಹೇಳಿದರು. ಅವರ ಮೇಲೆ ತಪ್ಪು ಹೊರಿಸಲು ಆಗುವುದಿಲ್ಲ. ಆದರೆ ನಮ್ಮ ಕೈಯಲ್ಲಿ ಒಂದು ಸೇರು ಜೋಳವೂ ಇರಲಿಲ್ಲ. ಪುಣೆ, ಬೆಂಗಳೂರು, ಹೈದರಾಬಾದಿಗೆ ದುಡಿಯಲು ಹೋದ ನಮ್ಮ ಜನ ಬರಿಗೈಯಲ್ಲಿ ವಾಪಸ್ ಬಂದಿದ್ದರು. ಮತ್ತೆ ಹಿಡಿ ಜೋಳ ಶುರು ಮಾಡೋಣ ಅಂದರೆ, ಕೊಡುವ ರೂಢಿಯೇ ತಪ್ಪಿಹೋಗಿತ್ತು. ಕೆಲವು ತಿಂಗಳು ನೋಡಿ ಪಾಸ್ಟರ್ ಹೆಂಡತಿ ಮಕ್ಕಳ ಜೊತೆ ಮಾವನ ಊರಿಗೆ ಹೋದರು, ಅಲ್ಲಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದರು. ಯಾರನ್ನೂ ಬೈಯಲಿಲ್ಲ. ಅವರು ಮತ್ತೆ ನಮಗೆ ಸಿಗಲಿಲ್ಲ. ಈ ನಷ್ಟ ಇವತ್ತಿಗೂ ನನಗೆ ನೋವು ಕೊಡುತ್ತದೆ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಭೀಮಾ ನದಿಗೆ ಪ್ರವಾಹ ಬಂದದ್ದು ನಿಮಗೆ ನೆನಪಿರಬೇಕು. ಇಲ್ಲೂ ಜೋರು ಮಳೆ, ಮೇಲಿಂದ ಮಹಾರಾಷ್ಟ್ರದ ಅಣೆಕಟ್ಟಿನ ನೀರು. ದಂಡೆಯ ಹಳ್ಳಿಗಳಲ್ಲಿ ಮನೆ, ಹೊಲ ಎರಡೂ ನೀರಲ್ಲಿ. ಅಲ್ಲಿ ನಮ್ಮಂಥದ್ದೇ ಒಂದು ಬ್ಯಾಪ್ಟಿಸ್ಟ್ ಸಭೆಯ ಜನ ಶಾಲೆಯಲ್ಲಿ ಮಲಗುತ್ತಿದ್ದಾರೆ ಅಂತ ಸುದ್ದಿ ಬಂತು. ನಾವು ಗಂಡಸರು ಕೂತು, ನಮ್ಮ ಹತ್ತಿರ ಏನಿದೆ ಕೊಡಲಿಕ್ಕೆ ಅಂತ ಮಾತಾಡುತ್ತಿದ್ದೆವು. ಅದೇ ಆಯಿ ಬಂದಳು. 'ಏ ತಮ್ಮಾ, ರೊಕ್ಕ ಇಲ್ಲಂದ್ರ ರೊಟ್ಟಿ ಇಲ್ಲೇನು?' ಅಂದಳು.

ಆ ರಾತ್ರಿ ಮನೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಖಡಕ್ ರೊಟ್ಟಿ, ವಾರಗಟ್ಟಲೆ ಕೆಡುವುದಿಲ್ಲ. ಬೇಯಿಸಿ, ಒಲೆಯ ಮಗ್ಗುಲಿಗೆ ನಿಲ್ಲಿಸಿ ಒಣಗಿಸಿ, ಹಳೆ ಸೀರೆ ಹಾಸಿ ಅದರಲ್ಲಿ ಸುತ್ತಿ ಕಟ್ಟಿದರು. ಶೇಂಗಾ ಹಿಂಡಿ ಡಬ್ಬಿಗಳಲ್ಲಿ ತುಂಬಿದರು. ಮೆಥೋಡಿಸ್ಟ್ ಮನೆಗಳಿಂದಲೂ ಬಂತು, ಲಿಂಗಾಯತರ ಮನೆಗಳಿಂದಲೂ ಬಂತು. ಟಂಟಂ ಗಾಡಿಯಲ್ಲಿ ಹೇರಿ ಕಳಿಸಿದೆವು. ಮುಂದಿನ ಭಾನುವಾರ ಚೀಲ ಮುಂದೆ ಇಡಿ ಅಂತ ಹೆಂಗಸರೇ ಹೇಳಿದರು. ಸದಸ್ಯರ ಕೂಟ ತುಂಬಿತು. ತಮ್ಮ ಊಟಕ್ಕೇ ಕಷ್ಟ ಇದ್ದ ವರ್ಷದಲ್ಲಿ, ಬೇರೆಯವರಿಗೆ ಕೊಟ್ಟ ಮೇಲೆ ನಮ್ಮ ಸಭೆ ಮತ್ತೆ ಸಭೆಯಾಯಿತು.

ಬೈಬಲಿನಲ್ಲಿ ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯವನ್ನು ನಾನು ಎಷ್ಟೋ ಸಲ ಓದಿದ್ದೆ. ಅದು ಅರ್ಥವಾದದ್ದು ಆವಾಗ. ಮಕೆದೋನ್ಯದ ಸಭೆಗಳು ಕಡುಬಡತನದಲ್ಲಿದ್ದವು. ಯೆರೂಸಲೇಮಿನವರಿಗೆ ಸಹಾಯ ಮಾಡಲು ನಮಗೂ ಅವಕಾಶ ಕೊಡಿ ಅಂತ ಅವರೇ ಪೌಲನನ್ನು ಬೇಡಿಕೊಂಡರು. ನಿಮ್ಮ ಹತ್ತಿರ ಇಲ್ಲ, ಸುಮ್ಮನಿರಿ ಅಂತ ಪೌಲನು ಅವರನ್ನು ತಡೆಯಲಿಲ್ಲ. ನಾವು ಆ ಆಯಿಯನ್ನು ತಡೆದಿದ್ದೆವು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅಂತ ನನ್ನ ಅಭಿಪ್ರಾಯ, ಬೇಜಾರು ಮಾಡಿಕೊಳ್ಳಬೇಡಿ. ತೆಗೆದುಕೊಳ್ಳಬೇಕಾ ಬೇಡವಾ ಅಂತ ಕೇಳುತ್ತಿದ್ದೀರಿ. ನೀವು ಅವರಿಗೆ ಏನು ಕೊಡುತ್ತೀರಿ ಅನ್ನುವ ಮಾತೇ ನಿಮ್ಮ ಪ್ರಶ್ನೆಯಲ್ಲಿ ಇಲ್ಲ. ಒಂದು ಕಡೆಯಿಂದ ಮಾತ್ರ ಬಂದರೆ ಅದಕ್ಕೆ ಪಾಲುದಾರಿಕೆ ಅನ್ನುವುದು ಯಾಕೆ? ಪೌಲನು ಫಿಲಿಪ್ಪಿಯವರಿಗೆ ಬರೆಯುವಾಗ ಕೊಡುವ ಕೊಳ್ಳುವ ವಿಷಯದಲ್ಲಿ ನೀವು ನನ್ನ ಜೊತೆ ಪಾಲುಗಾರರಾದಿರಿ ಅನ್ನುತ್ತಾನೆ. ಕೊಡುವುದೂ ಇದೆ, ಕೊಳ್ಳುವುದೂ ಇದೆ.

ಯಾರಿಂದಲೂ ಏನೂ ಬೇಡ, ನಾವು ಸ್ವತಂತ್ರರು ಅನ್ನುವವರೂ ನಮ್ಮಲ್ಲಿದ್ದಾರೆ. ಅದನ್ನೂ ನಾನು ಒಪ್ಪುವುದಿಲ್ಲ. 1644ರಲ್ಲಿ ಲಂಡನ್ನಿನ 7 ಬ್ಯಾಪ್ಟಿಸ್ಟ್ ಸಭೆಗಳು ತಮ್ಮ ನಂಬಿಕೆಯನ್ನು ಬರೆದು ಪ್ರಕಟಿಸಿದಾಗಲೇ ಎರಡನ್ನೂ ಹೇಳಿದ್ದವು. ಒಂದೊಂದು ಸಭೆಯೂ ತನ್ನಷ್ಟಕ್ಕೆ ಪೂರ್ಣ, ಆದರೂ ಒಂದಕ್ಕೊಂದು ಸಲಹೆ, ಸಹಾಯ ಕೊಡುತ್ತಾ ನಡೆಯಬೇಕು ಅಂತ. 1792ರ ಅಕ್ಟೋಬರ್ 2ರಂದು ಇಂಗ್ಲೆಂಡಿನ ಕೆಟರಿಂಗ್‌ನಲ್ಲಿ ಒಬ್ಬ ವಿಧವೆಯ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಮಿಷನ್ ಸಂಘ ಕಟ್ಟಿದವರಲ್ಲಿ ಹೆಚ್ಚಿನವರು ಸಣ್ಣ ಊರುಗಳ ಬಡ ಪಾಸ್ಟರುಗಳು. ಅವತ್ತು ಕೊಡುತ್ತೇವೆ ಅಂತ ಬರೆದುಕೊಟ್ಟದ್ದು 13 ಪೌಂಡು 2 ಶಿಲಿಂಗು 6 ಪೆನ್ಸ್. ಅಷ್ಟರಿಂದ ಶುರುವಾದ ಸಂಘದ ಮಿಷನರಿಯಾಗಿ ವಿಲಿಯಂ ಕೇರಿ ಬಂಗಾಳಕ್ಕೆ ಬಂದರು. ಅಲ್ಲಿನ ಸೆರಾಂಪುರದಲ್ಲಿ ಕೇರಿ, ಅವರ ಜೊತೆಗಾರರಾದ ಮಾರ್ಷ್‌ಮನ್, ವಾರ್ಡ್ ಮೂವರೂ ಇಂಗ್ಲೆಂಡಿನ ಹಣ ಕಾಯುತ್ತಾ ಕೂರಲಿಲ್ಲ. ಕಾಲೇಜಿನಲ್ಲಿ ಕಲಿಸಿ, ಶಾಲೆ ನಡೆಸಿ, ಅಚ್ಚುಕೂಟದಲ್ಲಿ ದುಡಿದು ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ಹಾಕಿದರು. 1812ರಲ್ಲಿ ಆ ಅಚ್ಚುಕೂಟಕ್ಕೆ ಬೆಂಕಿ ಬಿದ್ದು, ಕೇರಿಯವರ ಕನ್ನಡ ಬೈಬಲ್ ಅನುವಾದದ ಹಾಳೆಗಳೂ ಸುಟ್ಟವು. ಆಗ ಬ್ರಿಟನ್ನಿನ ಸಭೆಗಳು ಸುಮಾರು 2 ತಿಂಗಳಲ್ಲಿ 10,000 ಪೌಂಡು ಸೇರಿಸಿದವು. ತಮ್ಮ ಕೈಯಿಂದ ದುಡಿದು ಹಾಕುತ್ತಿದ್ದವರಿಗೆ ಕಷ್ಟಕಾಲದಲ್ಲಿ ಬಂದ ಸಹಾಯ ಅದು. ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ ಅದೇ ಸೆರಾಂಪುರದಲ್ಲಿ ಅಚ್ಚಾಯಿತು.

ಅಂಥವರ ನಡುವೆಯೂ ಜಗಳ ಬಂತು. ಸೆರಾಂಪುರದ ಆಸ್ತಿ, ಆಡಳಿತ ಯಾರ ಕೈಯಲ್ಲಿರಬೇಕು ಅಂತ ಇಂಗ್ಲೆಂಡಿನ ಸಂಘಕ್ಕೂ ಇವರಿಗೂ ಆಗಿಬರದೆ 1827ರಲ್ಲಿ ಬೇರೆಯಾದರು. ಮತ್ತೆ ಕೂಡಿದ್ದು 1837ರಲ್ಲಿ. ಆದ್ದರಿಂದ ಜಾಗದ ಕಾಗದದ ವಿಷಯದಲ್ಲಿ ನಿಮ್ಮ ಎಚ್ಚರ ತಪ್ಪಲ್ಲ, ಅದನ್ನು ಬರೆಸಿಕೊಳ್ಳಿ. ಅಷ್ಟಕ್ಕೇ ನಿಲ್ಲಬೇಡಿ.

ಪಾಸ್ಟರ್ ಸಂಬಳಕ್ಕೆ ಮಾತ್ರ ಹೊರಗಿನ ಹಣ ಬೇಡವೇ ಬೇಡ. ಇದಕ್ಕೆ ಬಹಳ ಜನ ನನ್ನ ಜೊತೆ ವಾದ ಮಾಡುತ್ತಾರೆ, ಮಾಡಲಿ. ಚಾವಣಿಗೆ, ಬೋರ್‌ವೆಲ್‌ಗೆ, ಪ್ರವಾಹಕ್ಕೆ, ನೆಟೆ ರೋಗಕ್ಕೆ ತೊಗರಿ ಒಣಗಿಹೋದ ವರ್ಷದಲ್ಲಿ ಮಕ್ಕಳ ಫೀಸಿಗೆ ಧಾರಾಳವಾಗಿ ತೆಗೆದುಕೊಳ್ಳಿ. ನಿಮಗೆ ವಾಕ್ಯ ಹೇಳುವವರಿಗೆ ಊಟ ಹಾಕುವುದು ನಿಮ್ಮ ಕೆಲಸ. ಪೂರ್ತಿ ಸಂಬಳ ಕೊಡಲು ಆಗದಿದ್ದರೆ ಪಾಸ್ಟರ್ ಒಂದಿಷ್ಟು ಹೊತ್ತು ಬೇರೆ ಕೆಲಸ ಮಾಡಲಿ. ನಮ್ಮ ಈಗಿನ ಪಾಸ್ಟರ್ ಹೊಲಿಗೆ ಮಾಡುತ್ತಾರೆ, ಯಾರಿಗೂ ಅದರಲ್ಲಿ ಕೊರತೆ ಕಂಡಿಲ್ಲ.

ಬಂದ ಹಣದ ಲೆಕ್ಕವನ್ನು ಕೂಟದಲ್ಲಿ ಗಟ್ಟಿಯಾಗಿ ಓದಿ, ಓದುಬರಹ ಬಾರದವರಿಗೂ ಕೇಳುವಂತೆ. ಯೆರೂಸಲೇಮಿನವರಿಗೆ ಕೂಡಿಸಿದ ಆ ಹಣದ ಕೆಲಸವನ್ನು ಪೌಲನು ಒಬ್ಬನೇ ಮಾಡಲಿಲ್ಲ, ತನ್ನ ಜೊತೆಗಾರ ತೀತನ ಜೊತೆ ಇನ್ನಿಬ್ಬರು ಸಹೋದರರನ್ನು ಕಳಿಸಿದ. ಯಾರೂ ಬೆರಳು ತೋರಿಸಬಾರದು ಅಂತ. ನಿಮ್ಮಲ್ಲೂ ಒಬ್ಬರ ಕೈಯಲ್ಲೇ ಎಲ್ಲ ಬೇಡ.

ಅಂದಹಾಗೆ, ಅದೇ ಪಾಲುದಾರಿಕೆಯಲ್ಲಿ ವಿದೇಶದ ಸಭೆಯ ಹಣವೂ ಬರುತ್ತದೆ ಅಂದರೆ ಅಲ್ಲೇ ನಿಲ್ಲಿಸಿ ಕೇಳಿ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಕೆಳಗೆ ನೋಂದಣಿ ಅಥವಾ ಮುಂಚಿತ ಅನುಮತಿ ಇಲ್ಲದೆ ನೀವು ವಿದೇಶಿ ದೇಣಿಗೆ ತೆಗೆದುಕೊಳ್ಳುವಂತಿಲ್ಲ. 2020ರ ತಿದ್ದುಪಡಿ ಆದ ಮೇಲೆ ನೋಂದಣಿ ಇರುವ ಸಂಸ್ಥೆಯೂ ಆ ಹಣವನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ. 'ನಮ್ಮ ಖಾತೆಗೆ ಬಂದದ್ದನ್ನು ನಿಮಗೆ ಕಳಿಸುತ್ತೇವೆ' ಅಂತ ಯಾರಾದರೂ ಹೇಳಿದರೆ, ಎಷ್ಟೇ ಒಳ್ಳೆಯವರಾದರೂ ಬೇಡ ಅನ್ನಿ.

ನಾವು ಬೆಂಗಳೂರಿನವರ ಕೈ ಬಿಡಲಿಲ್ಲ. ಅವರ ಬಾಗಿಲು ತೆರೆದ ಮೇಲೆ ನಾವೇ ಮೊದಲು ಹೋದೆವು, ಒಂದು ಚೀಲ ತೊಗರಿಬೇಳೆ ಹೊತ್ತುಕೊಂಡು. ಲಾಕ್‌ಡೌನಿನಲ್ಲಿ ಅವರ ಸಭೆಯಲ್ಲೂ ಕೆಲಸ ಕಳೆದುಕೊಂಡವರು ಬಹಳ ಜನ, ನಮಗೆ ಅದು ಗೊತ್ತೇ ಇರಲಿಲ್ಲ. ಅಷ್ಟು ವರ್ಷ ಹಣ ತೆಗೆದುಕೊಂಡು ಒಮ್ಮೆಯೂ ಕೇಳಿರಲಿಲ್ಲ. ಬೇಳೆಯನ್ನು ಅವರ ಹಿರಿಯರೊಬ್ಬರು ಅಂಗೈಯಲ್ಲಿ ಹಿಡಿದು ನೋಡಿದರು. ಇದು ಯಾರ ಹೊಲದ್ದು, ಅವರ ಹೆಸರೇನು ಅಂತ ಒಂದೊಂದಾಗಿ ಕೇಳಿ ಬರೆದುಕೊಂಡರು, ಪ್ರಾರ್ಥನೆಗೆ. ಈಗ ಪ್ರತಿ ಸುಗ್ಗಿಗೆ ಬೇಳೆ ಹೋಗುತ್ತದೆ. ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೋಗುವ ನಮ್ಮ ಹುಡುಗರು ಅವರ ಸಭೆಯಲ್ಲೇ ಕೂರುತ್ತಾರೆ, ಅಲ್ಲಿ ಕುರ್ಚಿ ಎತ್ತುತ್ತಾರೆ, ಆಸ್ಪತ್ರೆಯಲ್ಲಿರುವ ಅವರ ಮುದುಕರ ಹತ್ತಿರ ರಾತ್ರಿ ಕಾಯುತ್ತಾರೆ. ನಮ್ಮ ಚಾವಣಿಗೆ ಅವರು ಕೊಟ್ಟರು, ಕೂಲಿ ಪೂರ್ತಿ ನಮ್ಮದು.

ನಿಮಗೆ ತೊಗರಿ ರಾಶಿ ಡಿಸೆಂಬರ್, ಜನವರಿಗೆ ಆಗುತ್ತದೆ. ಅಲ್ಲಿಯವರೆಗೆ ಅವರ ಮೊದಲ ಕಂತು ಬೇಡ, ತಡೆಯಿರಿ ಅಂತ ಹೇಳಿ. ಮೊದಲ ಕಾಣಿಕೆ ಚಿತ್ತಾಪುರದಿಂದ ಹೋಗಲಿ, ಒಯ್ಯುವ ಇಬ್ಬರಲ್ಲಿ ಒಬ್ಬರು ಹೆಣ್ಣುಮಗಳಾಗಿರಲಿ. ನಮ್ಮ ಹೊಸ ಒಪ್ಪಂದ ಎರಡೇ ಪುಟ ಇದೆ. ಬೇಕಿದ್ದರೆ ಕೆಳಗೆ ಹೇಳಿ, ಪೂರ್ತಿ ಟೈಪ್ ಮಾಡಿ ಹಾಕುತ್ತೇನೆ.