ಗೋಡೆಯಾಚೆ ಕೂಸು ಮಲಗಿದೆ, ಟಿನ್ ವಿಸಲ್ ಊದೋದು ಹೇಗೆ?

ಪ್ರಶ್ನೆ: ನಮಸ್ಕಾರ. ನಾವು ನಾಲ್ಕು ವರ್ಷದಿಂದ ಡಬ್ಲಿನ್‌ನಲ್ಲಿದ್ದೇವೆ. ಮಗಳ ಶಾಲೆಯಲ್ಲಿ ಮಕ್ಕಳಿಗೆಲ್ಲ ಟಿನ್ ವಿಸಲ್, ಅಂದರೆ ಆರು ತೂತಿನ ಪುಟ್ಟ ಐರಿಶ್ ಕೊಳಲು, ಹೇಳಿಕೊಡುತ್ತಾರೆ. ಅವಳ ಜೊತೆ ಕೂತು ಕೂತು ಈಗ ನನಗೇ ಅದರ ಹುಚ್ಚು ಹಿಡಿದಿದೆ. ಚಿಕ್ಕವಳಿದ್ದಾಗ ಮೈಸೂರಿನಲ್ಲಿ ಐದಾರು ವರ್ಷ ಸಂಗೀತ ಕಲಿತಿದ್ದೆ, ಆಮೇಲೆ ಬಿಟ್ಟುಹೋಯಿತು. ನನಗೆ ಬಿಡುವು ಸಿಗೋದು ರಾತ್ರಿ ಒಂಬತ್ತರ ಮೇಲೆ. ನಮ್ಮದು ಅಪಾರ್ಟ್‌ಮೆಂಟು, ಗೋಡೆಯಾಚೆ ಎಂಟು ತಿಂಗಳ ಕೂಸಿದೆ. ಮೆಲ್ಲಗೆ ಊದಿದರೆ ಸ್ವರ ಇಳಿದುಬಿಡುತ್ತದೆ, ಮೇಲಿನ ಸ್ಥಾಯಿ ಬರುವುದೇ ಇಲ್ಲ. ತುದಿಗೆ ಹತ್ತಿ ತುರುಕಿ ನೋಡಿದೆ, ಪ್ರಯೋಜನವಾಗಲಿಲ್ಲ. ಸದ್ದು ಕಡಿಮೆ ಇರುವ ವಿಸಲ್ ಅಂತ ಏನಾದರೂ ಸಿಗುತ್ತದಾ?
— ಓದುಗರೊಬ್ಬರು, ಡಬ್ಲಿನ್

ಉತ್ತರ: ಸಿಗುತ್ತದೆ. ಆದರೆ ಅದಕ್ಕೂ ಮೊದಲು ಒಂದು ಮಾತು. ಮೆಲ್ಲಗೆ ಊದಿದಾಗ ಸ್ವರ ಇಳಿದದ್ದು ನಿಮ್ಮ ತಪ್ಪಲ್ಲ, ಈ ವಾದ್ಯ ಇರುವುದೇ ಹಾಗೆ. ನಮ್ಮ ಕೊಳಲಿನಲ್ಲಿ ಗಾಳಿಯನ್ನು ತಿದ್ದುವುದು ತುಟಿ. ತುಟಿಯ ಸಂದು ಕಿರಿದು ಮಾಡಿ, ಕೋನ ಸ್ವಲ್ಪ ಬದಲಿಸಿ, ಸ್ವರ ಇಳಿಯದ ಹಾಗೆ ದನಿಯನ್ನು ಪಿಸುಮಾತಿನಷ್ಟು ಸಣ್ಣದು ಮಾಡಬಹುದು. ವಿಸಲ್‌ನಲ್ಲಿ ಆ ಸಂದನ್ನು ತಯಾರಿಸಿದವರೇ ಕೊರೆದು ಕೂಡಿಸಿಬಿಟ್ಟಿದ್ದಾರೆ. ಅದಕ್ಕೇ ಮಗು ಊದಿದರೂ ಮೊದಲ ದಿನವೇ ಸ್ವರ ಬರುತ್ತದೆ, ಮತ್ತೆ ಅದಕ್ಕೇ ಎಷ್ಟು ಸದ್ದು ಬರಬೇಕು ಅನ್ನೋದು ನಮ್ಮ ಕೈಯಲ್ಲಿ ಅಷ್ಟಾಗಿ ಇಲ್ಲ. ಗಾಳಿ ಕಡಿಮೆ ಮಾಡಿದರೆ ಸ್ವರ ಇಳಿಯುತ್ತದೆ, ಇನ್ನೂ ಕಡಿಮೆ ಮಾಡಿದರೆ ಮೇಲಿನ ಸ್ಥಾಯಿ ಮುರಿದು ಕೆಳಗಿನದಕ್ಕೆ ಬೀಳುತ್ತದೆ.

ಹಾಗಾಗಿ ದಯವಿಟ್ಟು ಹೆದರಿ ಹೆದರಿ ಊದುವ ಅಭ್ಯಾಸ ಮಾಡಿಕೊಳ್ಳಬೇಡಿ. ಪಕ್ಕದವರಿಗೆ ಕೇಳಿಸದಿರಲಿ ಅಂತ ಆರು ತಿಂಗಳು ಉಸಿರು ಹಿಡಿದು ಊದಿದವರಿಗೆ ಆಮೇಲೆ ತುಂಬು ಗಾಳಿ ಕೊಡುವುದೇ ಕಷ್ಟವಾಗುತ್ತದೆ. ನಾನೂ ಆ ದಾರಿಯಲ್ಲಿ ಹೋಗಿ ವಾಪಸ್ ಬಂದವಳು. ಸದ್ದು ತಗ್ಗಿಸಬೇಕಾದ್ದು ವಾದ್ಯದಲ್ಲಿ, ಉಸಿರಿನಲ್ಲಿ ಅಲ್ಲ.

ಹತ್ತಿ ಯಾಕೆ ಕೆಲಸ ಮಾಡಲಿಲ್ಲ ಅಂದರೆ, ಸದ್ದು ತುದಿಯಿಂದ ಮಾತ್ರ ಬರುವುದಲ್ಲ. ಬಾಯಿಗಿಡುವ ಭಾಗದ ಕೆಳಗೆ ಒಂದು ಚೌಕ ಕಿಂಡಿ ಇದೆ ನೋಡಿ, ಸದ್ದು ಹುಟ್ಟುವುದೇ ಅಲ್ಲಿ. ಹೊರಗೆ ಬರುವುದು ಆ ಕಿಂಡಿಯಿಂದ ಮತ್ತು ತೆರೆದಿರುವ ತೂತುಗಳಿಂದ. ತುದಿ ಮುಚ್ಚಿದರೆ ಎಲ್ಲ ತೂತು ಮುಚ್ಚಿ ಊದುವ ಕೆಳಗಿನ ಸ್ವರ ಮಾತ್ರ ಕೆಡುತ್ತದೆ, ಉಳಿದದ್ದೆಲ್ಲ ಮೊದಲಿನ ಹಾಗೇ ಕಿರುಚುತ್ತದೆ.

ಈಗ ಯಾವುದು ಕೊಳ್ಳುವುದು ಅನ್ನುವ ವಿಷಯ. ಮಗಳ ಹತ್ತಿರ ಇರುವುದು ಡಿ ವಿಸಲ್ ಅಂದುಕೊಳ್ಳುತ್ತೇನೆ, ಐರ್ಲೆಂಡಿನಲ್ಲಿ ಕಲಿಯುವವರ ಕೈಗೆ ಸಾಮಾನ್ಯವಾಗಿ ಮೊದಲು ಬರುವುದು ಅದೇ. ಸುಮಾರು 30 ಸೆಂಟಿಮೀಟರ್ ಉದ್ದ, ನಮ್ಮ ಲೆಕ್ಕದಲ್ಲಿ ಎರಡರ ಶ್ರುತಿ. ಆರೂ ತೂತು ಮುಚ್ಚಿದರೆ ಷಡ್ಜ, ಕೆಳಗಿನಿಂದ ಒಂದೊಂದೇ ಬೆರಳು ಎತ್ತುತ್ತಾ ಹೋದರೆ ಶಂಕರಾಭರಣ. ನಿಮಗೆ ಇದು ಈಗಾಗಲೇ ಕಿವಿಗೆ ಬಿದ್ದಿರುತ್ತದೆ, ಅಲ್ವಾ? ಆದರೆ ಅದರ ಕೆಳಗಿನ ಷಡ್ಜವೇ ಸುಮಾರು 587 ಹರ್ಟ್ಜ್. ಮೇಲಿನ ಸ್ಥಾಯಿಯ ಧೈವತಕ್ಕೆ ಹೋಗುವಷ್ಟರಲ್ಲಿ 2000ದ ಹತ್ತಿರ ಮುಟ್ಟಿರುತ್ತದೆ. ಮನುಷ್ಯರ ಕಿವಿ ಅತಿ ಚುರುಕಾಗಿರುವುದು 2000ದಿಂದ 5000 ಹರ್ಟ್ಜ್ ನಡುವೆ. ಅದಕ್ಕೇ ಇಷ್ಟು ಸಣ್ಣ ಕೊಳವೆ ಮನೆಯೆಲ್ಲ ಕೇಳುತ್ತದೆ.

ಮೊದಲು ನೋಡಬೇಕಾದ್ದು ಕೊಳವೆಯ ಒಳ ಅಗಲ. ಡಿ ವಿಸಲ್‌ಗಳಲ್ಲಿ ಅದು ಸಾಮಾನ್ಯವಾಗಿ 12 ಮಿಲಿಮೀಟರ್ ಸುತ್ತಮುತ್ತ ಇರುತ್ತದೆ. ಅಗಲ ಜಾಸ್ತಿಯಾದಷ್ಟೂ ದನಿ ದೊಡ್ಡದು, ಗಾಳಿಯೂ ಜಾಸ್ತಿ ಬೇಕು. ಕಿರಿದಾದರೆ ದನಿ ಸಣ್ಣದು, ಮೇಲಿನ ಸ್ಥಾಯಿಗೂ ಕಡಿಮೆ ಒತ್ತಡ ಸಾಕು. ಕೈಯಲ್ಲಿ ಮಾಡುವ ಕೆಲವರು ಕಿರಿದಾದ ಕೊಳವೆಯದ್ದನ್ನು ಬೇರೆಯಾಗಿಯೇ ಮಾಡುತ್ತಾರೆ, ಅಂಗಡಿಯಲ್ಲಿ ನ್ಯಾರೋ ಬೋರ್ ಅಂತಲೇ ಕೇಳಿ. ಬೆಲೆ ಜಾಸ್ತಿ. ಸುಸಾಟೋದಂಥ ಅಗಲ ಕೊಳವೆಯ ಪ್ಲಾಸ್ಟಿಕ್ ವಿಸಲ್‌ಗಳು ಪಬ್‌ನಲ್ಲಿ ಹತ್ತು ಜನರ ನಡುವೆ ಕೇಳಿಸಬೇಕಾದವರಿಗೆ ಬಹಳ ಚೆನ್ನ, ನಿಮ್ಮ ರಾತ್ರಿಗೆ ಅಲ್ಲ.

ನಾನಾದರೆ ನಿಮಗೆ ಕ್ಲಾರ್ಕ್ ಕಂಪನಿಯ ಹಳೇ ನಮೂನೆಯದ್ದನ್ನು ಹೇಳುತ್ತೇನೆ. ತಗಡನ್ನು ಸುರುಳಿ ಸುತ್ತಿ ಮಾಡಿದ್ದು, ತುದಿಗೆ ಹೋಗುತ್ತಾ ಕಿರಿದಾಗುತ್ತದೆ, ಬಾಯಲ್ಲಿ ಮರದ ತುಂಡು. ಇಂಗ್ಲೆಂಡಿನ ಸಫೋಕ್‌ನ ರಾಬರ್ಟ್ ಕ್ಲಾರ್ಕ್ 1843ರಲ್ಲಿ ಶುರು ಮಾಡಿದ ಕೆಲಸ ಅದು. ಈಗಿನ ವಿಸಲ್‌ಗಳ ಬಾಯಿ ಹೆಚ್ಚಾಗಿ ಪ್ಲಾಸ್ಟಿಕ್ಕಿನದು, ಇದರಲ್ಲಿ ಇನ್ನೂ ಮರ ಉಳಿದಿದೆ. ಇದರ ದನಿಯಲ್ಲಿ ಉಸಿರು ಬೆರೆತಿರುತ್ತದೆ, ಚುಚ್ಚುವುದಿಲ್ಲ. ಗಾಳಿ ಸ್ವಲ್ಪ ಹೆಚ್ಚು ಕುಡಿಯುತ್ತದೆ, ಮೊದಲ ವಾರ ದಮ್ಮು ಸಾಲುವುದಿಲ್ಲ ಅನ್ನಿಸಬಹುದು. ಹಾಡು ಕಲಿತ ನಿಮಗೆ ಅದು ಬೇಗ ಹಿಡಿತಕ್ಕೆ ಬರುತ್ತದೆ. ಒಂದು ಗಮನಿಸಿ: ಕ್ಲಾರ್ಕ್ ಸ್ವೀಟೋನ್ ಅಂತ ಇನ್ನೊಂದಿದೆ, ಹೆಸರು ಕೇಳಿ ಇದೇ ಮೆತ್ತಗೆ ಅಂದುಕೊಳ್ಳಬೇಡಿ. ಅದರ ಬಾಯಿ ಪ್ಲಾಸ್ಟಿಕ್, ದನಿ ಇನ್ನೂ ಖಡಕ್ಕು.

ಎರಡನೆಯದು ಶ್ರುತಿ. ಸಿ ಅಥವಾ ಬಿ ಫ್ಲ್ಯಾಟ್ ವಿಸಲ್ ತೆಗೆದುಕೊಂಡರೆ ಬೆರಳಿನ ಕ್ರಮ ಅದೇ, ಶ್ರುತಿ ಮಾತ್ರ ಕೆಳಗೆ. ಬಿ ಫ್ಲ್ಯಾಟ್ ನಾಲ್ಕು ಅರ್ಧಸ್ವರ ಇಳಿಯುವುದರಿಂದ ಕಿವಿಗೆ ತುಂಬಾ ಹಿತ. ಆದರೆ ಮಗಳ ಡಿ ಜೊತೆ ಸೇರಿಸಿ ಊದಲಾಗದು, ಶ್ರುತಿ ಕೂಡುವುದಿಲ್ಲ. ಡಿಗಿಂತ ಒಂದು ಇಡೀ ಸ್ಥಾಯಿ ಕೆಳಗಿನ ಲೋ ವಿಸಲ್ ಕೂಡ ಇದೆ, 60 ಸೆಂಟಿಮೀಟರ್ ಹತ್ತಿರ ಉದ್ದ. ದನಿ ಎಷ್ಟು ಚಂದ ಅಂದರೆ ಒಮ್ಮೆ ಕೇಳಿದರೆ ಮನಸ್ಸು ಅಲ್ಲೇ ನಿಲ್ಲುತ್ತದೆ. ಆದರೂ ಈಗಲೇ ಬೇಡ. ತೂತುಗಳು ದೂರ ದೂರ, ಬೆರಳಿನ ತುದಿ ಬಿಟ್ಟು ನಡುಗೆಣ್ಣಿನಿಂದ ಮುಚ್ಚಬೇಕಾಗುತ್ತದೆ, ಗಾಳಿಯೂ ಬಹಳ ಬೇಕು. ಅದೂ ಅಲ್ಲದೆ ತಗ್ಗಿನ ಸದ್ದು ಗೋಡೆಯನ್ನು ಹೆಚ್ಚು ಸುಲಭವಾಗಿ ದಾಟುತ್ತದೆ.

ಹೊಸದು ಕೊಳ್ಳುವ ಮೊದಲು ಇವತ್ತೇ ಒಂದು ಕೆಲಸ ಮಾಡಿ ನೋಡಿ. ಸೆಲ್ಲೋಟೇಪಿನ ಸಣ್ಣ ಚೂರು ಕತ್ತರಿಸಿ ಆ ಚೌಕ ಕಿಂಡಿಯ ಒಂದು ಪಕ್ಕಕ್ಕೆ ಅಂಟಿಸಿ. ಮೊದಲು ಕಾಲು ಭಾಗ ಮುಚ್ಚಿ, ಊದಿ ನೋಡಿ, ಆಮೇಲೆ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ. ಒಂದು ಹಂತದಲ್ಲಿ ದನಿ ಚೆನ್ನಾಗಿ ತಗ್ಗುತ್ತದೆ, ಅದಕ್ಕಿಂತ ಮುಚ್ಚಿದರೆ ಸ್ವರವೇ ನಿಲ್ಲುವುದಿಲ್ಲ. ಶ್ರುತಿ ಒಂಚೂರು ಇಳಿಯುತ್ತದೆ, ಒಬ್ಬರೇ ಊದುವಾಗ ಪರವಾಗಿಲ್ಲ. ಕಿಂಡಿಯ ಕೆಳಗಿನ ಚೂಪು ಅಂಚಿಗೆ ಮಾತ್ರ ಚಾಕು, ಪಿನ್ನು ಏನೂ ತಾಗಿಸಬೇಡಿ. ಆ ಅಂಚೇ ವಾದ್ಯದ ಜೀವ.

ಕಿಂಡಿಯನ್ನು ಪೂರ್ತಿ ಮುಚ್ಚಿಬಿಟ್ಟರೆ ಬರೀ ಉಸಿರಿನ ಸದ್ದು, ಹಾಗೂ ಅಭ್ಯಾಸ ಮಾಡಬಹುದು. ಇದು ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ, ಅರ್ಧ ಕಲಿಕೆ ಆಗುವುದೇ ಹೀಗೆ. ಐರಿಶ್ ಸಂಗೀತದಲ್ಲಿ ನಮ್ಮ ಗಮಕದ ಜಾಗದಲ್ಲಿ ಕಟ್, ಟ್ಯಾಪ್, ರೋಲ್ ಅಂತ ಬೆರಳಿನ ಚಿಟುಕುಗಳಿವೆ. ಕಟ್ ಅಂದರೆ ಬೆರಳನ್ನು ಕ್ಷಣ ಎತ್ತಿ ಇಳಿಸುವುದು, ಟ್ಯಾಪ್ ಅಂದರೆ ತೆರೆದ ತೂತನ್ನು ಕ್ಷಣ ತಟ್ಟುವುದು, ಇವೆರಡೂ ಸೇರಿದರೆ ರೋಲ್. ಇವೆಲ್ಲ ಬೆರಳಿನ ಕೆಲಸ, ದನಿ ಬೇಕಿಲ್ಲ. ಜಿಗ್ (ಐರಿಶ್ ಕುಣಿತದ ಮಟ್ಟು) ಒಂದನ್ನು ಬಾಯಲ್ಲಿ ಗುನುಗುತ್ತಾ ವಿಸಲ್ ಮೇಲೆ ಬೆರಳಾಡಿಸಿ. ಪಾಠದ ಸ್ವರವನ್ನು ಹಾಡಿಕೊಂಡು ತೊಡೆಯ ಮೇಲೆ ತಾಳ ಹಾಕುತ್ತಿದ್ದಿರಲ್ಲ, ಹಾಗೇ. ತೂತಿನ ಮೇಲೆ ಬೆರಳು ಬಿದ್ದಾಗ ಟಪ್ ಅನ್ನುವ ಸಣ್ಣ ಸದ್ದು ಕೇಳಿಸುತ್ತದೆ, ಅದು ಲಯಕ್ಕೆ ಸರಿಯಾಗಿ ಬೀಳುತ್ತಿದೆಯಾ ಗಮನಿಸಿ.

ಹೆಡ್‌ಫೋನ್ ಹಾಕಿಕೊಂಡು ಊದುವ ವಾರ್ಬಲ್‌ನಂಥ ಎಲೆಕ್ಟ್ರಾನಿಕ್ ವಾದ್ಯಗಳೂ ಇವೆ, ಫೋನಿಗೋ ಕಂಪ್ಯೂಟರಿಗೋ ಜೋಡಿಸಬೇಕು. ಬೆರಳಿಗೆ ಒಳ್ಳೆಯ ಅಭ್ಯಾಸ, ಉಸಿರಿಗೆ ಅಷ್ಟಕ್ಕಷ್ಟೆ. ಈಗ ತಾನೇ ಶುರು ಮಾಡಿದವರು ಅಷ್ಟು ದುಡ್ಡು ಹಾಕಬೇಕಿಲ್ಲ.

ಮನೆಯೊಳಗೆ ಜಾಗ ಆರಿಸಿಕೊಳ್ಳಿ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು, ಚಳಿಗಾಲದ ಕೋಟುಗಳ ಕಡೆ ಮುಖ ಮಾಡಿ ಊದಿ. ಎತ್ತರದ ಸದ್ದನ್ನು ಬಟ್ಟೆ ಚೆನ್ನಾಗಿ ಹೀರಿಕೊಳ್ಳುತ್ತದೆ. ವಿಸಲ್‌ನ ಸದ್ದು ಗಟ್ಟಿ ಗೋಡೆಗಿಂತ ಬಾಗಿಲ ಕೆಳಗಿನ ಸಂದಿನಿಂದ ಹೆಚ್ಚು ಸೋರುವುದರಿಂದ ಅಲ್ಲಿಗೆ ಟವಲ್ ಸುತ್ತಿಡಿ. ಊದುವ ಮೊದಲು ವಿಸಲ್ಲನ್ನು ಐದು ನಿಮಿಷ ಜೇಬಿನಲ್ಲಿಟ್ಟು ಬೆಚ್ಚಗೆ ಮಾಡಿ, ತಣ್ಣಗಿದ್ದರೆ ಒಳಗೆ ಹನಿ ಕಟ್ಟಿ ದನಿ ಒಡೆಯುತ್ತದೆ. ಪಾರ್ಕಿಗೆ ಹೋಗಿ ಊದಬಹುದಲ್ಲ ಅಂತ ನೀವು ಯೋಚಿಸಿರಬಹುದು. ಅಲ್ಲಿನ ಗಾಳಿ ಕಿಂಡಿಗೆ ಅಡ್ಡ ಬೀಸಿದರೆ ಸ್ವರವೇ ಹುಟ್ಟುವುದಿಲ್ಲ. ನಿಲ್ಲಿಸಿದ ಕಾರೇ ವಾಸಿ.

ಮತ್ತೆ ಆ ಕೂಸಿನ ಅಮ್ಮನನ್ನು ಒಮ್ಮೆ ಕಂಡು ಮಾತಾಡಿ. ಮಗು ಯಾವಾಗ ಮಲಗುತ್ತದೆ, ನಾವು ಊದಿದ್ದು ಕೇಳಿಸುತ್ತದಾ ಅಂತ ನೇರವಾಗಿ ಕೇಳಿ. ನಿಮಗೆ ದೊಡ್ಡದಾಗಿ ಕೇಳಿಸುವುದು ವಾದ್ಯ ನಿಮ್ಮ ಮೂಗಿನ ಕೆಳಗೇ ಇರುವುದರಿಂದ, ಗೋಡೆಯಾಚೆ ಅದು ಬಹಳ ಕಡಿಮೆ ಇರಬಹುದು. ನನ್ನ ಪಕ್ಕದ ಮನೆಯವರನ್ನು ಕೇಳಲು ನಾನು ವರ್ಷಗಟ್ಟಲೆ ಅಂಜಿದ್ದೆ, ಕೊನೆಗೆ ಕೇಳಿದಾಗ ಅವರು ತಮಗೆ ಅಡುಗೆಮನೆಯಲ್ಲಿ ಮಾತ್ರ ಕೇಳಿಸುತ್ತದೆ, ಅದೂ ಇಷ್ಟವಾಗುತ್ತದೆ ಅಂದರು.

ಸದ್ಯಕ್ಕೆ ಡಿ ಶ್ರುತಿಯ ಹಳೇ ನಮೂನೆ ಕ್ಲಾರ್ಕ್ ಒಂದು ತರಿಸಿಕೊಳ್ಳಿ. ರಾತ್ರಿ ಕೆಳಗಿನ ಸ್ಥಾಯಿ ಮತ್ತು ಬೆರಳಿನ ಕೆಲಸ ಅಷ್ಟೇ ಇರಲಿ. ಮೇಲಿನ ಸ್ಥಾಯಿಯನ್ನು ಶನಿವಾರ ಬೆಳಿಗ್ಗೆ ಹತ್ತರ ಮೇಲೆ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎದೆ ತುಂಬ ಗಾಳಿ ಎಳೆದುಕೊಂಡು ಊದಿ. ಎರಡೂ ಡಿ ಆಗಿರುವುದರಿಂದ ಜೊತೆಯಾಗಿಯೇ ಊದಬಹುದು.