ಆರೋಗ್ಯದ ಬಗ್ಗೆ ಆತಂಕ ಇರುವವರು ಲಕ್ಷಣಗಳನ್ನು ನೆಟ್‌ನಲ್ಲಿ ಹುಡುಕಿದರೆ ಭಯ ಯಾಕೆ ಜಾಸ್ತಿ ಆಗುತ್ತದೆ?

ಹುಡುಕುವುದು ಸಮಾಧಾನಕ್ಕೆ. ಸಮಾಧಾನ ಸಿಗುತ್ತದೆ ಕೂಡ, ಆದರೆ ಸ್ವಲ್ಪ ಹೊತ್ತಿಗೆ ಮಾತ್ರ. ಆಮೇಲೆ ‘ನನ್ನದು ಆ ಅಪರೂಪದ ಕಾಯಿಲೆಯೇ ಆಗಿದ್ದರೆ?’ ಎಂಬ ಹೊಸ ಅನುಮಾನ. ಮತ್ತೆ ಫೋನ್ ಕೈಗೆ. ತುರಿಕೆ ಕೆರೆದುಕೊಂಡ ಹಾಗೆ: ಆ ಕ್ಷಣಕ್ಕೆ ಹಿತ, ಆಮೇಲೆ ಉರಿ. ಆ ಕ್ಷಣದ ಹಿತವನ್ನೇ ಮೆದುಳು ಅಭ್ಯಾಸ ಮಾಡಿಕೊಳ್ಳುತ್ತದೆ.

ಇದಕ್ಕೆ ಸೈಬರ್‌ಕಾಂಡ್ರಿಯಾ ಎಂಬ ಹೆಸರೇ ಇದೆ. ಮೈಕ್ರೋಸಾಫ್ಟ್‌ನ ಸಂಶೋಧಕರು 2008ರಲ್ಲೇ ಇದನ್ನು ಗಮನಿಸಿದ್ದರು. ಸಾಮಾನ್ಯ ತಲೆನೋವಿನಿಂದ ಶುರುವಾದ ಹುಡುಕಾಟ ಮೆದುಳಿನ ಗಡ್ಡೆಯವರೆಗೆ ಹೋಗಿಬಿಡಬಹುದು. ಕಾಫಿ ಬಿಟ್ಟದ್ದರಿಂದ ತಲೆನೋವು ಬರುವುದು ಗಡ್ಡೆಗಿಂತ ಎಷ್ಟೋ ಪಾಲು ಸಾಮಾನ್ಯ. ಆದರೆ ಪರದೆಯ ಮೇಲೆ ಎರಡೂ ಅಕ್ಕಪಕ್ಕ, ಒಂದೇ ತೂಕದಲ್ಲಿ ಕೂತಿರುತ್ತವೆ. ಹೆದರಿದ ಕಣ್ಣು ಯಾವುದನ್ನು ಮೊದಲು ನೋಡುತ್ತದೆ ಅಂತ ಗೊತ್ತಲ್ವಾ?

ಇನ್ನೊಂದು ವಿಚಿತ್ರ ಇದೆ. ಆತಂಕವೇ ಎದೆ ಬಡಿತ, ತಲೆಸುತ್ತು, ಕೈ ಜುಮ್ಮೆನ್ನುವುದನ್ನು ತರುತ್ತದೆ. ಆಗ ಹುಡುಕಲು ಇನ್ನೂ ಮೂರು ಲಕ್ಷಣ ಸಿಕ್ಕ ಹಾಗಾಯಿತು!

‘ಸುಮ್ನೆ ಹುಡುಕುವುದು ಬಿಡಿ’ ಅಂದರೆ ಯಾರೂ ಬಿಡುವುದಿಲ್ಲ. ಅರ್ಧ ಗಂಟೆ ಮುಂದೂಡಿ ನೋಡಿ, ಎಷ್ಟೋ ಸಲ ಆ ತುಡಿತ ತಾನೇ ಇಳಿಯುತ್ತದೆ. ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಒಬ್ಬರೇ ವೈದ್ಯರನ್ನು ಕೇಳಿ. ದಿನದ ಕೆಲಸಕ್ಕೇ ಅಡ್ಡಿಯಾಗುತ್ತಿದ್ದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಎಂಬ ಮಾತಿನ ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತದೆ. ಹಾಂ, ಹಠಾತ್ ಎದೆನೋವು ಬಂದರೆ ಹುಡುಕುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.