ಮೊದಲು ಊರಿನ ಸಭೆಯ ಪತ್ರ ತಂದುಕೊಡಿ

ನರ್ಸ್ ಕೆಲಸಕ್ಕೆಂದು ಬೆಂಗಳೂರಿಗೆ ಬಂದು ಎರಡು ವರ್ಷವಾಯಿತು, ಮೂರು ಚರ್ಚ್ ನೋಡಿದೆ, ಎಲ್ಲೂ ನಮ್ಮವರು ಅನ್ನಿಸಲಿಲ್ಲ, ದೇವರಿಗೆ ಸ್ತೋತ್ರ ಹೇಳೋಕೂ ಮನಸ್ಸು ಬರುತ್ತಿಲ್ಲ, ಮೊಬೈಲಿನಲ್ಲೇ ಆರಾಧನೆ ನೋಡಿದರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ನಾನೂ ಅದೇ ಸ್ಥಿತಿಯಲ್ಲಿದ್ದವನು.

ನನ್ನ ಊರು ಗದಗಿನ ಪಕ್ಕದ ಬೆಟಗೇರಿ. ಅಲ್ಲಿಯ ಸಭೆ, ಅಂದರೆ ಚರ್ಚಿನ ಸಮುದಾಯ, ಜರ್ಮನ್ ಮಿಶನರಿಗಳನ್ನು ಕಳಿಸಿದ ಬಾಸೆಲ್ ಮಿಶನ್ ಕಾಲದ್ದು. ಒಂದು ಭಾನುವಾರ ಚರ್ಚಿಗೆ ಹೋಗದಿದ್ದರೆ ಮಧ್ಯಾಹ್ನದೊಳಗೆ ಯಾರಾದರೂ ಮನೆಗೆ ಬಂದು "ಯಾಕ ಬಂದಿಲ್ಲ, ಆರಾಮ ಇಲ್ಲೇನು?" ಅಂತ ಕೇಳುವ ಊರು. ಬೆಂಗಳೂರಿಗೆ ಹೊರಟಾಗ ಸಭಾಪಾಲಕರು ಒಂದು ಪತ್ರ ಬರೆದು ಕೈಗಿಟ್ಟರು. ಇಂಥವರು ನಮ್ಮ ಸಭೆಯಲ್ಲಿ ದೀಕ್ಷಾಸ್ನಾನ ಹೊಂದಿದವರು, ಕರ್ತನ ಭೋಜನದಲ್ಲಿ ಪಾಲುಗಾರರು, ಇವರನ್ನು ನಿಮ್ಮ ಸಭೆಗೆ ಸೇರಿಸಿಕೊಳ್ಳಿ ಎಂದು ಒಬ್ಬ ಪಾಲಕರು ಇನ್ನೊಬ್ಬರಿಗೆ ಬರೆಯುವ ಪತ್ರ ಅದು. ನಾನದನ್ನು ಸರ್ಟಿಫಿಕೇಟುಗಳ ಫೈಲಿನಲ್ಲಿಟ್ಟು ಮರೆತೆ. ಮರೆತೆ ಅನ್ನುವುದೂ ಸುಳ್ಳು. ಬೇಕೆಂದೇ ಕೊಡಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನೀವೂ ಇದನ್ನೇ ಮಾಡುತ್ತಿದ್ದೀರಿ ಅನ್ನಿಸುತ್ತಿದೆ. ಪತ್ರ ಕೊಟ್ಟರೆ ಹೆಸರು ರಿಜಿಸ್ಟರಿಗೆ ಹೋಗುತ್ತದೆ, ತಿಂಗಳ ಕಾಣಿಕೆ ಶುರುವಾಗುತ್ತದೆ, ಯಾವುದಾದರೂ ಕೆಲಸಕ್ಕೆ ಕರೆಯುತ್ತಾರೆ ಎಂಬ ಅಳುಕು ಒಂದು ಕಡೆ. ಇದಕ್ಕಿಂತ ಒಳ್ಳೆಯ ಸಭೆ ಸಿಗಬಹುದು, ಆಗ ಕೊಟ್ಟರಾಯಿತು ಎಂಬ ಆಸೆ ಇನ್ನೊಂದು ಕಡೆ. ಹುಡುಕಿದ್ದಕ್ಕೇನೂ ಕೊರತೆ ಇರಲಿಲ್ಲ. ಬೆಂಗಳೂರಿನಲ್ಲಿ ಕನ್ನಡ ಆರಾಧನೆ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಾರ್ಪೊರೇಶನ್ ಎದುರಿನ ಹಡ್ಸನ್ ಚರ್ಚ್ 1904ರಿಂದ ಕನ್ನಡದವರದ್ದೇ, ವೆಸ್ಲಿಯನ್ ಮಿಶನ್ ಪರಂಪರೆ. ಅವೆನ್ಯೂ ರಸ್ತೆಯ ರೈಸ್ ಚರ್ಚಿನ ಬೇರು ಲಂಡನ್ ಮಿಶನ್ನಿನಲ್ಲಿದೆ. ಈಗ ನಮ್ಮ ಬೆಟಗೇರಿಯೂ ಸೇರಿ ಎಲ್ಲವೂ ಚರ್ಚ್ ಆಫ್ ಸೌತ್ ಇಂಡಿಯಾ (ಸಿ.ಎಸ್.ಐ.) ಎಂಬ ಒಂದೇ ಒಕ್ಕೂಟದವು. ಆದರೂ ರಾಗಗಳಲ್ಲಿ ಹಳೆಯ ವ್ಯತ್ಯಾಸ ಉಳಿದಿದೆ. ನಮ್ಮ ಕಡೆ ಜರ್ಮನ್ ಮಿಶನರಿಗಳು ಕಲಿಸಿದ ರಾಗಗಳು ಹೆಚ್ಚು. ಇಲ್ಲಿಯ ಹಾಡು ನಮ್ಮದರಂತಿಲ್ಲ, ಸಭಾಪಾಲಕರ ಪ್ರಸಂಗ ಉದ್ದವಾಯಿತು, ಯಾರೂ ಮಾತಾಡಿಸಲಿಲ್ಲ ಎಂದು ಲೆಕ್ಕ ಹಾಕುತ್ತಲೇ ಒಂದು ಸಭೆಯ ಕೊನೆಯ ಬೆಂಚಿನಲ್ಲಿ ಕೂತೆ. ಆಶೀರ್ವಾದ ಮುಗಿಯುವ ಮೊದಲೇ ಚಪ್ಪಲಿ ಹಾಕಿಕೊಂಡು ಹೊರಗಿರುತ್ತಿದ್ದೆ. ಒಬ್ಬ ಹಿರಿಯರು "ಯಾವ ಏರಿಯಾದಲ್ಲಿದ್ದೀರಿ?" ಅಂತ ಕೇಳಿದಾಗ "ಇಲ್ಲೇ ಹತ್ತಿರ" ಅಂದುಬಿಟ್ಟೆ. ಅವರು ಕೇಳಿದ್ದು ಏರಿಯಾ ಪ್ರೇಯರಿನ, ಅಂದರೆ ಆಯಾ ಏರಿಯಾದವರು ಒಬ್ಬರ ಮನೆಯಲ್ಲಿ ಸೇರಿ ಮಾಡುವ ಪ್ರಾರ್ಥನೆಯ, ಪಟ್ಟಿಗೆ ನನ್ನನ್ನು ಸೇರಿಸಲು ಎಂಬುದು ಆಗ ತಿಳಿಯಲಿಲ್ಲ.

ಇದರ ಬೆಲೆ ತೆತ್ತದ್ದು ಡೆಂಗ್ಯೂ ಬಂದಾಗ. ಜ್ವರವೆಂದು ರೂಮಿನಲ್ಲೇ ಬಿದ್ದುಕೊಂಡಿದ್ದೆ. ಆಸ್ಪತ್ರೆ ಸೇರುವ ಹೊತ್ತಿಗೆ ಪ್ಲೇಟ್‌ಲೆಟ್ ಇಳಿದಿತ್ತು. ದಾನಿಗಳನ್ನು ಹುಡುಕಿ ಇಟ್ಟುಕೊಳ್ಳಿ ಅಂದರು. ಜೊತೆ ಕೆಲಸದವರು ದೀಪಾವಳಿಗೆ ಊರಿಗೆ ಹೋಗಿದ್ದರು. ಅವ್ವ ಹೆದರಿಕೊಳ್ಳುತ್ತಾಳೆಂದು ಮನೆಗೂ ಹೇಳಲಿಲ್ಲ. ಗೊತ್ತಿಲ್ಲದ ನಂಬರುಗಳಿಗೆಲ್ಲ ಮಲಗಿದಲ್ಲಿಂದಲೇ ಫೋನ್ ಮಾಡುತ್ತಿದ್ದೆ. ಹತ್ತು ನಿಮಿಷದ ದಾರಿಯಲ್ಲಿದ್ದ ಆ ಸಭೆಯ ಯುವಜನ ಸಂಘದವರು ಯಾರ ರಕ್ತದ ಗುಂಪು ಯಾವುದು ಎಂದು ಪಟ್ಟಿ ಬರೆದಿಟ್ಟಿದ್ದರು, ಕರೆದರೆ ನಡುರಾತ್ರಿಯೂ ಹೊರಡುವ ಹುಡುಗರು. ನನ್ನ ಹೆಸರೇ ಅವರಿಗೆ ಗೊತ್ತಿರಲಿಲ್ಲ. ಒಬ್ಬರೂ ಬರಲಿಲ್ಲವೆಂದು ನಾನು ದೇವರ ಮೇಲೆ, ಸಭೆಯ ಮೇಲೆ ಸಿಟ್ಟು ಮಾಡಿಕೊಂಡು ಮಲಗಿದ್ದೆ. ಬರಬೇಕಾದವರಿಗೆ ಬಾಗಿಲು ಎಲ್ಲಿದೆ ಎಂದು ನಾನೇ ಹೇಳಿರಲಿಲ್ಲವಲ್ಲ!

ಕೊನೆಗೂ ಹುಡುಕಿಕೊಂಡು ಬಂದದ್ದು ನನ್ನ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬ ಆಂಟಿ, ನಿಮ್ಮ ಹಾಗೆಯೇ ನರ್ಸ್ ಆಗಿದ್ದು ನಿವೃತ್ತರಾದವರು. ನಾನು ಮರೆತುಬಂದಿದ್ದ ಹಾಡಿನ ಪುಸ್ತಕದ ಮೊದಲ ಪುಟದಲ್ಲಿ ನನ್ನ ಹೆಸರು, ಬೆಟಗೇರಿ ಎಂದು ಬರೆದಿತ್ತು. ಗದಗಿನಲ್ಲಿದ್ದ ತಮ್ಮ ಗೆಳತಿಯನ್ನು ಹಿಡಿದು ಅವ್ವನ ನಂಬರ್ ತೆಗೆದುಕೊಂಡು, ಅವ್ವನಿಂದ ನನ್ನ ನಂಬರ್ ತೆಗೆದುಕೊಂಡು, ಟಿಫಿನ್ ಡಬ್ಬಿಯಲ್ಲಿ ಗಂಜಿ, ತಿಳಿಸಾರು ಹಿಡಿದು ಬಂದರು. "ಏನಪ್ಪಾ, ಎರಡು ವಾರದಿಂದ ಕಾಣ್ಲಿಲ್ವಲ್ಲ" ಅಂದರು. ಅಷ್ಟು ದಿನ ಯಾರೂ ನನ್ನನ್ನು ನೋಡುತ್ತಿಲ್ಲ ಅಂದುಕೊಂಡಿದ್ದೆ. ಸಂಜೆಗೆ ಯುವಜನ ಸಂಘದ ಮೂವರು ಬಂದರು. ಆ ಹೊತ್ತಿಗೆ ಪ್ಲೇಟ್‌ಲೆಟ್ ತಾನೇ ಏರತೊಡಗಿತ್ತು, ಆದರೂ ಒಬ್ಬ ರಾತ್ರಿ ನನ್ನ ಜೊತೆ ಉಳಿದ.

ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯದಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಗುಂಪಿನಿಂದ ಒಳಗೆ ಹೋಗಲಾಗದೆ ಮಾಳಿಗೆ ಬಿಚ್ಚಿ ಇಳಿಸುತ್ತಾರಲ್ಲ, ಅಲ್ಲಿ ಯೇಸು ಕಂಡದ್ದು "ಅವರ" ನಂಬಿಕೆಯನ್ನು. ಹಾಸಿಗೆಯ ಮೇಲಿದ್ದವನಿಗೆ ಎಷ್ಟು ನಂಬಿಕೆ ಇತ್ತೆಂದು ಪ್ರತ್ಯೇಕವಾಗಿ ಬರೆದಿಲ್ಲ. ಚಿಕ್ಕಂದಿನಿಂದ ಕೇಳಿದ ಭಾಗ, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಅರ್ಥವಾಯಿತು. ಮೊಬೈಲ್ ಆರಾಧನೆ ಸಾಲದು ಅಂದದ್ದು ಇದಕ್ಕೇ. ಓಡಾಡಲಾಗದ ಹಿರಿಯರಿಗೆ ಅದು ದೊಡ್ಡ ಆಸರೆ, ನಾನು ಹಗುರವಾಗಿ ಹೇಳುತ್ತಿಲ್ಲ. ಆದರೆ ಅದು ನಿಮ್ಮನ್ನು ಹೊತ್ತು ತರುವುದಿಲ್ಲ.

ಇನ್ನು ಸ್ತೋತ್ರದ ಮಾತು. ಮನಸ್ಸು ಬರುತ್ತಿಲ್ಲ ಅಂದಿರಿ. ರೂಮಿನಲ್ಲಿ ಒಬ್ಬರೇ ಕೂತು ಕೃತಜ್ಞತೆ ಹುಟ್ಟಿಸಿಕೊಳ್ಳಲು ನೋಡಿದರೆ ಬರುವುದಿಲ್ಲ, ನನಗೂ ಬರಲಿಲ್ಲ. ದೇವರಿಗೆ ಕೃತಜ್ಞತೆಯಾಗಿ ಕೊಡುವ ಸ್ತೋತ್ರ ಕಾಣಿಕೆಯ ಕವರುಗಳನ್ನು ಅಯ್ಯನವರು, ಅಂದರೆ ಸಭಾಪಾಲಕರು, ಓದುತ್ತಾರಲ್ಲ, ಮಗಳಿಗೆ ಹೆರಿಗೆ ಸುಸೂತ್ರವಾಗಿದ್ದಕ್ಕೆ, ಆಪರೇಷನ್ ಆಗಿ ಮನೆಗೆ ಬಂದಿದ್ದಕ್ಕೆ, ಕೆಲಸ ಕಾಯಂ ಆಗಿದ್ದಕ್ಕೆ ಎಂದು. ಮೊದಲು ಆ ಹೊತ್ತಿನಲ್ಲಿ ನಾನು ವಾಚು ನೋಡುತ್ತಿದ್ದೆ. ಏರಿಯಾ ಪ್ರೇಯರಿಗೆ ಹೋಗತೊಡಗಿದ ಮೇಲೆ ಆ ಮಗಳು ಯಾರು, ಆ ಆಪರೇಷನ್ನಿಗೆ ಯಾರು ಒಡವೆ ಅಡವಿಟ್ಟರು ಎಲ್ಲ ಗೊತ್ತಾಯಿತು. ಈಗ ಆ ಪಟ್ಟಿ ಓದುವಾಗ ನನ್ನ ಗಂಟಲು ಕಟ್ಟುತ್ತದೆ. "ಆತನ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡ" ಎಂದು 103ನೇ ಕೀರ್ತನೆ ಹೇಳುತ್ತದೆ. ಇನ್ನೊಬ್ಬರ ಮನೆಯ ಉಪಕಾರ ಎಣಿಸಲು ಕಲಿತ ಮೇಲೆಯೇ ನನ್ನವು ನನಗೆ ಕಂಡವು.

ಆದ್ದರಿಂದ ಯಾವ ಸಭೆ ಒಳ್ಳೆಯದು ಎಂಬ ಪ್ರಶ್ನೆಯನ್ನು ಕೈಬಿಡಿ. ಮೂರರಲ್ಲಿ ಯಾವುದಕ್ಕೆ ಒಂದೇ ಬಸ್ಸಿನಲ್ಲಿ ಹೋಗಬಹುದೋ ಅಲ್ಲಿ ನಿಲ್ಲಿ. ಅಲ್ಲಿಯೂ ಜಗಳ ಇರುತ್ತದೆ, ಕಮಿಟಿ ಚುನಾವಣೆ ಹತ್ತಿರ ಬಂದರೆ ಮುಖ ತಿರುಗಿಸುವವರು ಇರುತ್ತಾರೆ. ಇರಲಿ, ಅವರೂ ಮನೆಯವರೇ. ಆದರೆ ಜಾತಿ ನೋಡಿ, ಬಟ್ಟೆ ನೋಡಿ ದೂರ ಇಡುವವರಿದ್ದರೆ ಮಾತ್ರ ಎದ್ದು ಬನ್ನಿ, ಅಲ್ಲಿ ತಾಳ್ಮೆ ಬೇಕಿಲ್ಲ.

ಚರ್ಚಿನ ಸುಗ್ಗಿ ಹಬ್ಬದ ಹಿಂದಿನ ದಿನ ರಜೆ ಹಾಕಿ. ಹಬ್ಬದ ದಿನವಲ್ಲ, ಹಿಂದಿನ ದಿನ. ಸ್ತ್ರೀಯರ ಅನ್ಯೋನ್ಯ ಕೂಟದವರು ಅಡುಗೆಗೆ ಈರುಳ್ಳಿ ಹೆಚ್ಚುತ್ತಾ ಕೂತಿರುತ್ತಾರೆ, ಒಂದು ಚಾಕು ಕೇಳಿ ಪಕ್ಕದಲ್ಲಿ ಕೂತುಬಿಡಿ. ಮರುದಿನ ಜನ ತಂದ ಕಾಣಿಕೆಗಳ ಹರಾಜಿನಲ್ಲಿ ಒಂದು ಕುಂಬಳಕಾಯಿ ಕೂಗಿ, ಗೆದ್ದವರು ಅದನ್ನು ಮತ್ತೆ ಹರಾಜಿಗೇ ಕೊಟ್ಟು, ಕೈಯಿಂದ ಕೈಗೆ ತಿರುಗುವಾಗ ನಿಮ್ಮ ಹೆಸರು ಕರೆಯುವವರು ನಾಲ್ಕು ಜನ ಇರುತ್ತಾರೆ.

ಪತ್ರ ತಂದಿಲ್ಲವಾದರೆ ಊರಿನ ಅಯ್ಯನವರಿಗೆ ಇವತ್ತೇ ಫೋನ್ ಮಾಡಿ, ಬರೆದು ಕಳಿಸುತ್ತಾರೆ. ಅದರ ಹಿಂದೆ ನಿಮ್ಮ ಹಾಸ್ಟೆಲ್ ವಿಳಾಸ, ಫೋನ್ ನಂಬರ್, ರಕ್ತದ ಗುಂಪು ಬರೆಯಿರಿ. ಭಾನುವಾರ ಡ್ಯೂಟಿ ಇದ್ದರೆ ವಾರದ ನಡುವೆ ಅಯ್ಯನವರಿಗೆ ಫೋನ್ ಮಾಡಿ ಹೋಗಿ ಕೊಟ್ಟು ಬನ್ನಿ, ನಿಮ್ಮ ಏರಿಯಾದ ಪ್ರೇಯರ್ ಯಾವ ಸಂಜೆ, ಯಾರ ಮನೆಯಲ್ಲಿ ಎಂಬುದನ್ನೂ ಅಲ್ಲೇ ಕೇಳಿಕೊಳ್ಳಿ.